ನಲವತ್ತೊಂದಕ್ಕೂ ನಲವತ್ತೆರಡಕ್ಕೂ ನಡುವೆ

ನನ್ನ ಹೆಂಡತಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಸರ್ಕಾರಿ ಕೆಲಸ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಪೂರ್ತಿ ಹೇಳಿದರೆ ಎದುರಿಗಿದ್ದವರು ಚಹಾದ ಲೋಟ ಕೆಳಗಿಟ್ಟುಬಿಡುತ್ತಾರೆ. ಜಿಲ್ಲೆಯ ರಸ್ತೆಗಳ ಮೇಲೆ ಸತ್ತವರನ್ನೆಲ್ಲ ಪುಸ್ತಕಕ್ಕೆ ಏರಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಲ್ಲಕ್ಕ ಎಂದು ಕರೆಯುತ್ತಾರೆ. ಜಿಲ್ಲೆಯ ಯಾವ ರಸ್ತೆಯ ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ ಯಾವ ವರ್ಷ ಯಾರು ಸತ್ತರು ಎಂದು ಕೇಳಿ, ಪುಸ್ತಕ ತೆರೆಯದೆ ಹೇಳುತ್ತಾಳೆ. ಮದುವೆಯಾದ ದಿನ ಯಾವುದು ಎಂದು ಕೇಳಿದರೆ ಮಾತ್ರ ಒಂದು ಕ್ಷಣ ಯೋಚಿಸುತ್ತಾಳೆ.

ನಾನು ಬಸ್ ಡ್ರೈವರ್. ಅಂದರೆ ಈಗ ಅಲ್ಲ, ಆಗ. ಮೇಲಿನ ಪೇಟೆಯಿಂದ ಕೆಳಗಿನ ಪೇಟೆಗೆ ಹೋಗುವ ಐವತ್ತೆಂಟು ಕಿಲೋಮೀಟರ್ ರಸ್ತೆಯಲ್ಲಿ ಹದಿನೇಳು ವರ್ಷ ಓಡಿಸಿದೆ. ದಿನಕ್ಕೆ ಎರಡು ಸಲ ಹೋಗುವುದು, ಎರಡು ಸಲ ಬರುವುದು. ನಾನು ರಸ್ತೆಯ ಮೇಲೆ, ಅವಳು ರಸ್ತೆಯ ಲೆಕ್ಕದಲ್ಲಿ. ಮನೆಯಲ್ಲಿ ಇದು ದಿನಾ ತಮಾಷೆಯ ಮಾತಾಗಿತ್ತು. ನಾನು ತಡವಾಗಿ ಬಂದರೆ, "ಇವತ್ತೂ ನನ್ನ ಪುಸ್ತಕಕ್ಕೆ ಬರಲಿಲ್ಲ, ಪುಣ್ಯಾತ್ಮರು" ಎಂದು ತಟ್ಟೆ ಹಾಕುತ್ತಿದ್ದಳು.

ಅವಳ ಕಚೇರಿಗೆ ನಾನು ಬೇಕಾದಷ್ಟು ಸಲ ಹೋಗಿದ್ದೇನೆ. ಮಹಡಿಯ ಕೊನೆಯ ಕೋಣೆ. ಒಂದೇ ಕಿಟಕಿ. ಬಣ್ಣ ಬಳಿಯಲು ಬಂದ ಯಾವನೋ ಮಹಾನುಭಾವ ಚೌಕಟ್ಟು, ಬಾಗಿಲು, ಚಿಲಕ ಎಲ್ಲವನ್ನೂ ಸೇರಿಸಿ ಬಳಿದುಹೋಗಿದ್ದರಿಂದ ಅದು ಹನ್ನೊಂದು ವರ್ಷದಿಂದ ತೆರೆದಿಲ್ಲ. ಮೇಜಿನ ಮೇಲೆ ತೋಳುದ್ದದ ಪುಸ್ತಕ, ಒಂದು ಸೀಸದ ಕಡ್ಡಿ, ಕೆಂಪು ಶಾಯಿಯ ಕುಪ್ಪಿ, ಒಂದು ರಬ್ಬರ್ ಮುದ್ರೆ. ಮುದ್ರೆಯ ಮೇಲೆ 'ಚಾಲಕನ ಅಜಾಗರೂಕತೆ' ಎಂದು ಕೊರೆದಿದೆ. ಠಾಣೆಗಳಿಂದ ಬರುವ ವರದಿಗಳಲ್ಲಿ ಕಾರಣದ ಜಾಗದಲ್ಲಿ ಅದೇ ಮಾತು ಅಷ್ಟು ಸಲ ಬರುತ್ತಿತ್ತೆಂದು, ಬರೆದು ಬರೆದು ಕೈ ನೋಯುವುದು ಬೇಡವೆಂದು, ಅವಳ ಸಾಹೇಬರು ಮಾಡಿಸಿಕೊಟ್ಟದ್ದು. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಗುಂಡಿ ಇದ್ದರೂ ಚಾಲಕ, ಮಂಜು ಇದ್ದರೂ ಚಾಲಕ, ಎದುರಿಗೆ ಎಮ್ಮೆ ಬಂದರೂ ಚಾಲಕ. ಎಮ್ಮೆಗೊಂದು ಮುದ್ರೆ ಮಾಡಿಸಿದವರನ್ನು ನಾನು ನೋಡಿಲ್ಲ.

ಗೋಡೆಯ ಮೇಲೆ ಸಾಹೇಬರ ನಕ್ಷೆ. ಪ್ರತಿ ವರ್ಷದ ಸಾವಿನ ಲೆಕ್ಕಕ್ಕೊಂದು ಚುಕ್ಕೆ, ಚುಕ್ಕೆಗಳನ್ನು ಕೂಡಿಸುವ ಒಂದು ಗೆರೆ. ಮೂರು ವರ್ಷದಿಂದ ಗೆರೆ ಕೆಳಗಿಳಿಯುತ್ತಿತ್ತು. ನೂರ ಹನ್ನೆರಡು, ನೂರ ನಾಲ್ಕು, ತೊಂಬತ್ತೇಳು. ಸಾಹೇಬರು ಕೆಟ್ಟವರಲ್ಲ, ಆದರೆ ಆ ಗೆರೆಯ ಮೇಲೆ ಅವರಿಗೆ ಮಗನ ಮೇಲಿದ್ದಷ್ಟು ಪ್ರೀತಿ. ಬಂದವರಿಗೆಲ್ಲ ಕೈಹಿಡಿದು ತೋರಿಸುತ್ತಿದ್ದರು.

ನನ್ನ ಹೆಂಡತಿಗೆ ಒಂದು ಅಭ್ಯಾಸವಿತ್ತು, ಯಾರೂ ಹೇಳಿಕೊಡದ್ದು. ಪುಸ್ತಕದ ಅಂಚಿನಲ್ಲಿ, ಸಣ್ಣಗೆ, ಸೀಸದ ಕಡ್ಡಿಯಲ್ಲಿ, ಸತ್ತವರ ಹತ್ತಿರ ಆ ಹೊತ್ತಿನಲ್ಲಿ ಏನಿತ್ತು ಎಂದು ಬರೆದುಕೊಳ್ಳುತ್ತಿದ್ದಳು. ವರದಿಯ ಕೊನೆಯಲ್ಲಿ ಪೊಲೀಸರು ವಸ್ತುಗಳ ಪಟ್ಟಿ ಕೊಡುತ್ತಾರಲ್ಲ, ಅದರಿಂದ. 'ಹೊಸ ಕೊಡೆ, ಬಿಲ್ಲಿನ ಸಮೇತ.' 'ಎರಡು ಕೋಳಿ, ಒಂದು ಬದುಕಿದೆ.' 'ಕನ್ನಡಕ ರಿಪೇರಿಗೆ ಕೊಟ್ಟ ಚೀಟಿ.' ಇದೆಲ್ಲ ಯಾಕೆ ಎಂದು ಒಮ್ಮೆ ರೇಗಿದೆ.

"ಇಲ್ದೇ ಹೋದ್ರೆ ಎಲ್ರೂ ಒಂದೇ ಥರ ಆಗ್ಬಿಡ್ತಾರೆ ಕಣ್ರೀ" ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಇನ್ನು ಆ ತಿರುವಿನ ವಿಷಯ. ನಮ್ಮ ರಸ್ತೆಯಲ್ಲಿ ನಲವತ್ತೊಂದನೆಯ ಕಲ್ಲು ದಾಟಿ ಅರ್ಧ ಕಿಲೋಮೀಟರ್ ಹೋದರೆ ರಸ್ತೆ ಗುಡ್ಡದ ಮೂಲೆಯನ್ನು ಸುತ್ತಿಕೊಂಡು ಒಂದು ಮೋರಿಯ ಮೇಲೆ ಹಾಯುತ್ತದೆ. ಮೋರಿಗೆ ಮೊಣಕಾಲೆತ್ತರದ ಗೋಡೆ, ಅದೂ ಮುರಿದದ್ದು. ಹತ್ತು ಹೆಜ್ಜೆ ಆಚೆಗೆ ಬಿಳಿ ಪಟ್ಟಿ ಬಳಿದ ದೊಡ್ಡ ಮರ. ಈ ಕಡೆಯವರಿಗೆ ಆ ಕಡೆ ಬರುವವರು ಕಾಣುವುದಿಲ್ಲ. ನಾವು ಡ್ರೈವರುಗಳು ನಮ್ಮೊಳಗೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಗುಡ್ಡ ಸುತ್ತುವ ಮೊದಲು ಎರಡು ಉದ್ದ ಹಾರ್ನ್. ಆ ಕಡೆಯಿಂದ ಎರಡು ಬಂದರೆ ಏರಿ ಬರುವವರು ನಿಲ್ಲಬೇಕು, ಇಳಿದು ಬರುವವರಿಗೆ ದಾರಿ. ಪುಸ್ತಕದಲ್ಲಿಲ್ಲದ ಕಾನೂನು. ಗೊತ್ತಿದ್ದವರು ಬದುಕುತ್ತಿದ್ದರು, ಗೊತ್ತಿಲ್ಲದವರು ನನ್ನ ಹೆಂಡತಿಯ ಮೇಜಿಗೆ ಹೋಗುತ್ತಿದ್ದರು.

ಗೊತ್ತಿದ್ದವರಲ್ಲಿ ನರ್ಸಮ್ಮ ಒಬ್ಬರು. ಹಳೆಯ ಸ್ಕೂಟರಿನ ಮೇಲೆ ಲಸಿಕೆಯ ಡಬ್ಬಿ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ನನ್ನ ಮಗಳಿಗೆ ಮೊದಲ ಸೂಜಿ ಚುಚ್ಚಿದ್ದು ಅವರೇ. ಅವರ ಹಾರ್ನ್ ತೆಳ್ಳಗೆ, ನೆಗಡಿಯಾದವರು ಮೂಗು ಸೀನಿದ ಹಾಗೆ. ಅದು ಕೇಳಿದರೆ ನಮ್ಮ ಕಂಡಕ್ಟರ್ ರೈಟಣ್ಣ, ಬಾಯಿ ತೆರೆದರೆ ರೈಟ್ ರೈಟ್ ಎನ್ನುವವನು, "ಅಣ್ಣಾ, ನಿಲ್ಸಿ, ಮಹಾರಾಣಿಯವರ ಸವಾರಿ" ಎನ್ನುತ್ತಿದ್ದ. ಎದುರು ಬಂದಾಗ ನರ್ಸಮ್ಮ ಒಂದು ಕೈ ಎತ್ತಿ, "ಡ್ರೈವರಣ್ಣ, ಹೊಟ್ಟೆ ಬೆಳೀತಾ ಇದೆ, ನಡೀರಿ ಸ್ವಲ್ಪ" ಎಂದು ಕೂಗಿ ಹೋಗುತ್ತಿದ್ದರು.

ಒಂದು ರವಿವಾರ ನನ್ನ ಹೆಂಡತಿ ಕೆಳಗಿನ ಪೇಟೆಯಲ್ಲಿರುವ ತಂಗಿಯ ಮನೆಗೆ ಹೋಗಲು ನನ್ನ ಬಸ್ಸಿಗೇ ಹತ್ತಿದಳು. ಇಪ್ಪತ್ತೆರಡು ವರ್ಷ ಆ ರಸ್ತೆಯನ್ನು ಬರೆದವಳು ಹಗಲಿನಲ್ಲಿ ಅದನ್ನು ಕಣ್ಣಾರೆ ನೋಡಿದ್ದು ನಾಲ್ಕೋ ಐದೋ ಸಲ, ಅದೂ ಕೂತಲ್ಲೇ ನಿದ್ದೆ ಮಾಡುತ್ತ. ಅವತ್ತು ಮೋರಿ ದಾಟುತ್ತಿದ್ದಂತೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ನಾನು ಮತ್ತು ರೈಟಣ್ಣ ಜಾಕ್ ಏರಿಸುತ್ತಿದ್ದೆವು. ಇವಳು ಸುಮ್ಮನೆ ಅತ್ತಿತ್ತ ನಡೆದಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದು, "ರೀ, ಬಿಳಿ ಪಟ್ಟಿ ಮರ ಇದೇನಾ?" ಎಂದಳು.

"ಇನ್ಯಾವುದು?"

"ಮುರಿದ ಮೋರಿ ಗೋಡೆ?"

"ಕಣ್ಣೆದುರಿಗೇ ಇದೆಯಲ್ಲೇ."

ಮರದಿಂದ ಗೋಡೆಗೆ, ಗೋಡೆಯಿಂದ ಮರಕ್ಕೆ ಎರಡೆರಡು ಸಲ ಹೆಜ್ಜೆ ಹಾಕಿ ಎಣಿಸಿದಳು. ಪ್ರಯಾಣಿಕರೆಲ್ಲ ಇವಳನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ, ಹತ್ತಿ ಕೂತ್ಕೋ ಎಂದು ಗದರಿದೆ. ಹತ್ತಿ ಕೂತಳು, ಆದರೆ ತಂಗಿಯ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಅದೇ ಬಸ್ಸಿನಲ್ಲಿ ವಾಪಸ್ ಬಂದಳು.

ಮನೆಗೆ ಬಂದು ಚಾಪೆಯ ಮೇಲೆ ಎರಡು ಲೋಟ ಇಟ್ಟಳು. "ಇದು ನಲವತ್ತೊಂದು, ಇದು ನಲವತ್ತೆರಡು. ಮಧ್ಯೆ ನಿಮ್ಮ ತಿರುವು. ಮೋರಿನೇ ಎರಡು ಠಾಣೆಗೂ ಗಡಿ. ಮೇಲಿನ ಠಾಣೆಯವ್ರು ಬಂದ್ರೆ ಅವ್ರ ದಾರೀಲಿ ಸಿಗೋದು ನಲವತ್ತೊಂದನೇ ಕಲ್ಲು. ಅದನ್ನೇ ಬರೀತಾರೆ. ಕೆಳಗಿನ ಠಾಣೆಯವ್ರು ಬಂದ್ರೆ ನಲವತ್ತೆರಡು. ಒಬ್ರು ಮರ ಅಂತ ಬರೀತಾರೆ, ಒಬ್ರು ಗೋಡೆ ಅಂತ ಬರೀತಾರೆ. ಒಂದು ಕಿಲೋಮೀಟರ್ ದೂರದ ಎರಡು ಜಾಗ ಅಂದ್ಕೊಂಡು ನಾನೂ ಬರೆದುಬಿಟ್ಟೆ."

"ಬರೆದ್ರೆ ಏನೀಗ?"

"ಮೂರು ವರ್ಷದಲ್ಲಿ ಒಂದೇ ಕಲ್ಲಿಗೆ ಐದು ಸಾವಾದ್ರೆ ಕೆಂಪು ಶಾಯಿ. ಕೆಂಪಾದ್ರೆ ಒಂದು ತಿಂಗಳೊಳಗೆ ಇಂಜಿನಿಯರ್ ಆಫೀಸಿನೋರು ಬರ್ಲೇಬೇಕು, ರಸ್ತೆ ಅಗಲ ಮಾಡ್ಲೇಬೇಕು. ನಲವತ್ತೊಂದರಲ್ಲಿ ನಾಲ್ಕು. ನಲವತ್ತೆರಡರಲ್ಲಿ ಮೂರು. ಎರಡೂ ಐದಾಗಿಲ್ಲ. ಆದ್ರೆ ಏಳು ಜನ ಸತ್ತಿದ್ದು ಒಂದೇ ಜಾಗದಲ್ಲಿ ಕಣ್ರೀ. ನಾನೇ ಅವರನ್ನ ಎರಡು ಪಾಲು ಮಾಡಿಟ್ಟಿದೀನಿ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಆ ಪುಸ್ತಕದ ವಿಷಯಕ್ಕೆ ಅವಳು ಅತ್ತದ್ದು ನಾನು ಅವತ್ತೇ ನೋಡಿದ್ದು.

ಮಾರನೆಯ ದಿನ ಸಾಹೇಬರ ಮುಂದೆ ಹೋಗಿ ಹೇಳಿದಳು. ಅವರು ಕೇಳಿಸಿಕೊಂಡರು, ನಿಟ್ಟುಸಿರು ಬಿಟ್ಟರು. ಕಲ್ಲಿನ ನಂಬರು ತಿದ್ದಬೇಕಾದರೆ ಆಯಾ ಠಾಣೆಯವರೇ ಬರೆದು ಕೊಡಬೇಕು ಎಂದರು. ಮೇಲಿನ ಠಾಣೆಗೆ ಕೇಳಿದರೆ ನಮ್ಮದು ಸರಿಯಾಗಿದೆ ಎಂದರು, ಕೆಳಗಿನ ಠಾಣೆಯವರೂ ಹಾಗೇ ಎಂದರು. ಇಬ್ಬರದೂ ನಿಜವೇ! ಹಾಗಾದರೆ ಇಂಜಿನಿಯರ್ ಕಚೇರಿಗೆ ನೀವಾದರೂ ಒಂದು ಪತ್ರ ಬರೆಯಿರಿ ಎಂದು ಕೇಳಿಕೊಂಡಳು. ಸಾಹೇಬರು ಗೋಡೆಯ ನಕ್ಷೆಯ ಕಡೆ ನೋಡಿ, "ವರ್ಷ ಮುಗೀಲಿ ಅಮ್ಮಾ, ನೋಡೋಣ" ಎಂದರು. ವರ್ಷ ಮುಗಿಯಲು ಏಳು ತಿಂಗಳಿತ್ತು.

ಕೊನೆಗೆ ಇವಳು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಸಾಹೇಬರ ಸಹಿ ಇಲ್ಲದೆ, ತನ್ನ ಹೆಸರಿನಲ್ಲೇ ಪತ್ರ ಬರೆದಳು. ಕಚೇರಿಯಿಂದ ಹೊರಗೆ ಹೋಗುವ ಪತ್ರಗಳ ಪುಸ್ತಕದಲ್ಲಿ ಅವತ್ತಿನ ಪುಟದ ಕೊನೆಯ ಸಾಲಿನಲ್ಲಿ ಮುನ್ನೂರ ಹದಿನೆಂಟು ಎಂದು ನಂಬರು ಹಾಕಿ, ಲಕೋಟೆಗೆ ಅಂಟು ಬಳಿದು, ನನ್ನ ಕೈಗೆ ಕೊಟ್ಟಳು. ಇಂಜಿನಿಯರ್ ಕಚೇರಿ ಇರುವುದು ಕೆಳಗಿನ ಪೇಟೆಯ ನಿಲ್ದಾಣದ ಎದುರಿಗೆ. ಅವಳ ಕಚೇರಿಯ ಟಪಾಲು ಹೋಗುತ್ತಿದ್ದದ್ದೇ ನನ್ನ ಬಸ್ಸಿನಲ್ಲಿ.

"ಕಿಟಕೀಲಿ ಕೊಟ್ಟು ಬನ್ನಿ. ಮರೀಬೇಡಿ" ಎಂದಳು. ಮೂರು ಸಲ ಹೇಳಿದಳು.

ನಾನು ಮರೆಯಲಿಲ್ಲ. ಅದೇ ತಾನೇ ಸಂಕಟ. ಅವತ್ತು ಬೆಳಿಗ್ಗೆ ಬಸ್ ಹೊರಡುವ ಮೊದಲು ಸಾಹೇಬರು ನಿಲ್ದಾಣಕ್ಕೆ ಬಂದಿದ್ದರು, ಯಾರನ್ನೋ ಬಿಡಲು. ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ ಡ್ರೈವರೇ, ನಿಮ್ಮನೆಯವರು ಒಳ್ಳೆಯವರು. ತಮ್ಮ ತಪ್ಪನ್ನ ತಾವೇ ಊರಿಗೆಲ್ಲ ಸಾರೋಕೆ ಹೊರಟಿದಾರೆ. ಇಪ್ಪತ್ತೆರಡು ವರ್ಷದ ಸಾಲುಗಳನ್ನೆಲ್ಲ ಕೆದಕ್ತಾರೆ, ಆಮೇಲೆ ಅವರನ್ನ ಜಿಲ್ಲೆಯ ಯಾವ ಮೂಲೆಗೆ ಹಾಕ್ತಾರೋ ಗೊತ್ತಿಲ್ಲ. ಸ್ವಲ್ಪ ತಿಳಿಸಿ ಹೇಳಿ" ಎಂದರು. ಬೆದರಿಕೆಯ ದನಿಯಲ್ಲ, ನಿಜವಾದ ಕಾಳಜಿಯ ದನಿ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಊರ ಉಸಾಬರಿ ನಮಗ್ಯಾಕೆ ಎಂದುಕೊಂಡೆ. ಮಗಳಿಗೆ ಇನ್ನೊಂದು ವರ್ಷಕ್ಕೆ ಕಾಲೇಜು. ಇವಳನ್ನು ಎಲ್ಲೋ ಎಸೆದರೆ ಮನೆ ಮೂರು ಪಾಲು. ತಿರುವಿಗೇನು, ನಾನಿದ್ದೇನಲ್ಲ, ಹದಿನೇಳು ವರ್ಷದಲ್ಲಿ ಒಂದು ಕನ್ನಡಿ ಮುರಿದವನಲ್ಲ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು, ಲಕೋಟೆಯನ್ನು ನನ್ನ ಸೀಟಿನ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಒರೆಸುವ ಬಟ್ಟೆಯ ಅಡಿಗೆ ಇಟ್ಟು ಬೀಗ ಹಾಕಿದೆ. ಒಂದೆರಡು ವಾರ ಹೋಗಲಿ, ಅವಳ ಬಿಸಿ ಆರಲಿ, ಆಮೇಲೆ ಹೇಳೋಣ ಎಂಬುದು ನನ್ನ ಲೆಕ್ಕ.

ಸಂಜೆ ಕೇಳಿದಳು, "ಕೊಟ್ರಾ?"

"ಹ್ಞೂಂ" ಎಂದೆ. ಒಂದು ಹ್ಞೂಂ ಅಷ್ಟೇ.

ಅಲ್ಲಿಂದ ದಿನಾ ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ಬಾಗಿಲಿಗೆ ಬಂದು, "ಏನಾದ್ರೂ ಉತ್ತರ ಕೊಟ್ರಾ?" ಎಂದು ಕೇಳತೊಡಗಿದಳು. ಮೊದಲು ಇಲ್ಲ ಎಂದೆ, ಆಮೇಲೆ ಸರ್ಕಾರಿ ಕೆಲಸ ತಡ ಆಗುತ್ತೆ ಎಂದೆ, ಆಮೇಲೆ ನಿನಗೆ ಬೇರೆ ಕೆಲಸ ಇಲ್ವಾ ಎಂದು ರೇಗಿದೆ. ರೇಗಿದ್ದು ಅವಳ ಮೇಲಲ್ಲ ಎಂದು ಈಗ ಗೊತ್ತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಪಾಡು ನನ್ನದು. ಕೊಡೋಣವೆಂದರೆ ಲಕೋಟೆಯ ಮೇಲೆ ಹಳೆಯ ತಾರೀಖು, ಅವಳಿಗೆ ತಿಳಿದುಹೋಗುತ್ತದೆ. ಹರಿದು ಹಾಕೋಣವೆಂದರೆ ಕೈ ಬರುವುದಿಲ್ಲ. ದಿನಕ್ಕೆ ನಾಲ್ಕು ಸಲ ಆ ಪತ್ರದ ಮೇಲೆಯೇ ಕೂತು ಆ ತಿರುವನ್ನು ದಾಟುತ್ತಿದ್ದೆ.

ಇಪ್ಪತ್ತಮೂರನೆಯ ದಿನ, ಬೆಳಗಿನ ಎರಡನೇ ಟ್ರಿಪ್, ಮೇಲಕ್ಕೆ ಏರಿ ಬರುವಾಗ. ಹಿಂದಿನ ದಿನದ ಮಳೆಗೆ ಗುಡ್ಡದಿಂದ ಜಲ್ಲಿ ಜಾರಿ ಅರ್ಧ ರಸ್ತೆಗೆ ಹರಡಿತ್ತು. ಎರಡು ಹಾರ್ನ್ ಹಾಕಿದೆ. ಆ ಕಡೆಯಿಂದ ಆ ತೆಳ್ಳನೆಯ ಹಾರ್ನ್ ಎರಡು ಸಲ ಬಂತು. ರೈಟಣ್ಣ, "ಅಣ್ಣಾ, ಮಹಾರಾಣಿ" ಎಂದ. ಬ್ರೇಕ್ ಒತ್ತಿದೆ. ನರ್ಸಮ್ಮ ಗುಡ್ಡ ಸುತ್ತಿ ಬಂದರು, ನನ್ನನ್ನು ನೋಡಿದರು, ಕೈ ಎತ್ತಿದರು. ಒಂದೇ ಕೈಯಲ್ಲಿದ್ದ ಸ್ಕೂಟರ್ ಜಲ್ಲಿಯ ಮೇಲೆ ಜಾರಿತು. ಬಸ್ ಇನ್ನೂ ಪೂರ್ತಿ ನಿಂತಿರಲಿಲ್ಲ, ಮನುಷ್ಯ ನಡೆಯುವಷ್ಟೇ ವೇಗದಲ್ಲಿತ್ತು. ಸಾಯಲು ಅಷ್ಟು ವೇಗ ಸಾಕು.

ಅವರು ಬಿದ್ದ ಸದ್ದಿಗಿಂತ ಲಸಿಕೆಯ ಡಬ್ಬಿ ಉರುಳಿದ ಸದ್ದು ದೊಡ್ಡದಾಗಿತ್ತು. ಡಬ್ಬಿಯೊಳಗಿನ ಮಂಜುಗಡ್ಡೆ ರಸ್ತೆಯ ತುಂಬ ಚೆಲ್ಲಿತು. ನಾನು ಇಳಿದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಆ ಮಂಜುಗಡ್ಡೆ ಕರಗುವುದರೊಳಗೆ ಅವರು ಹೋಗಿಬಿಟ್ಟರು.

ಕೆಳಗಿನ ಠಾಣೆಯವರು ಬಂದರು. ನನ್ನನ್ನು ಜೀಪಿಗೆ ಹತ್ತಿಸಿದರು, ಬಸ್ಸನ್ನು ಬೇರೆ ಡ್ರೈವರ್ ಕರೆಸಿ ಠಾಣೆಯ ಹಿಂದಿನ ಅಂಗಳಕ್ಕೆ ಒಯ್ದು ಬಾಗಿಲಿಗೆ ಸೀಲ್ ಹಾಕಿದರು. ಮಾರನೆಯ ದಿನ ಜಾಮೀನಿನ ಮೇಲೆ ಮನೆಗೆ ಬಂದೆ. ಸೊಂಟದ ಕೀಲಿ ಗೊಂಚಲಿನಲ್ಲಿ ಪೆಟ್ಟಿಗೆಯ ಕೀಲಿ ಇತ್ತು. ಪೆಟ್ಟಿಗೆ ಬಸ್ಸಿನೊಳಗೆ, ಪತ್ರ ಪೆಟ್ಟಿಗೆಯೊಳಗೆ. ನಾನು ಮನೆಯ ನಾಲ್ಕು ಗೋಡೆಯೊಳಗೆ, ಲೈಸೆನ್ಸ್ ಇಲ್ಲದೆ, ಕೆಲಸ ಇಲ್ಲದೆ.

ಅವಳು ನನ್ನನ್ನು ಒಂದು ಮಾತು ಬೈಯಲಿಲ್ಲ. ನೀರು ಕಾಯಿಸಿಕೊಟ್ಟಳು, ಅಂಗಿಯ ರಕ್ತ ತಾನೇ ಒಗೆದಳು. ನಾಲ್ಕನೆಯ ದಿನ ಕಚೇರಿಯಿಂದ ಬಂದು ನನ್ನ ಪಕ್ಕದಲ್ಲಿ ಕೂತಳು.

"ಇವತ್ತು ನರ್ಸಮ್ಮನ್ನ ಬರೆದೆ" ಎಂದಳು.

"ಯಾವ ಕಲ್ಲು?"

"ನಲವತ್ತೆರಡು. ವರದೀಲಿ ಹಾಗೇ ಇತ್ತು."

ನನಗೆ ರೇಗಿಹೋಯಿತು. "ನಲವತ್ತೊಂದು ಅಂತ ಬರೆದಿದ್ರೆ ಐದಾಗ್ತಿತ್ತಲ್ಲೇ! ಈಗ ಎರಡೂ ನಾಲ್ಕು ನಾಲ್ಕು! ತಿರುವು ಕೆಂಪಾಗಿದ್ರೆ ನನ್ನ ಕುತ್ತಿಗೆ ಉಳೀತಿತ್ತು. ಒಂದು ಅಂಕಿ ಕಣೇ, ಒಂದು ಅಂಕಿ!"

"ನೀವು ಬೇರೆಯವ್ರಾಗಿದ್ರೆ ಬರೀತಿದ್ನೋ ಏನೋ" ಎಂದಳು. "ಈಗ ಬರೆದ್ರೆ ಗಂಡನ್ನ ಉಳಿಸ್ಕೊಳ್ಳೋಕೆ ಕಲ್ಲು ಬದಲಾಯಿಸಿದ್ಲು ಅಂತಾರೆ. ಆ ಏಳು ಜನರ ಸಾಲನ್ನೂ ಆಮೇಲೆ ಯಾರೂ ನಂಬಲ್ಲ. ನನ್ನ ಕೈ ಕಟ್ಟಿಹೋಗಿದೆ ಕಣ್ರೀ."

"ಕಾರಣದ ಜಾಗದಲ್ಲಿ?"

ಅವಳು ನೆಲ ನೋಡಿದಳು. "ವರದೀಲಿ ಇದ್ದ ಹಾಗೇ. ಮುದ್ರೆ ಒತ್ತಿದೆ." ಆಮೇಲೆ ನನ್ನ ಭುಜ ಹಿಡಿದುಕೊಂಡು, "ಹೆದರ್ಬೇಡಿ. ಪತ್ರ ಇದೆಯಲ್ಲ. ಇದೆಲ್ಲ ಆಗೋಕೆ ಮುಂಚೆ ಬರೆದದ್ದು. ಅದನ್ನ ಯಾರೂ ಇಲ್ಲ ಅನ್ನೋಕಾಗಲ್ಲ. ನೀವೇ ಕೊಟ್ಟಿದೀರಲ್ಲ" ಎಂದಳು.

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ವಿಚಾರಣೆ ಮುಗಿದರೆ ಬಸ್ ಬಿಡುತ್ತಾರೆ, ಪೆಟ್ಟಿಗೆ ನನಗೇ ಸಿಗುತ್ತದೆ, ಯಾರಿಗೂ ತಿಳಿಯದ ಹಾಗೆ ಸುಟ್ಟು ಹಾಕಿದರಾಯಿತು ಎಂದುಕೊಂಡೆ. ಅಷ್ಟು ನೀಚ ಯೋಚನೆ ನನಗೆ ಬಂದಿತ್ತು, ಮುಚ್ಚಿಟ್ಟು ಏನು ಪ್ರಯೋಜನ.

ವಿಚಾರಣೆ ನಡೆದದ್ದು ಕೆಳಗಿನ ಪೇಟೆಯ ಡಿಪೋದ ಮಹಡಿಯಲ್ಲಿ. ಉದ್ದನೆಯ ಮೇಜು, ಕೆಳಗಿನಿಂದ ಡೀಸೆಲ್ ವಾಸನೆ. ಬೇರೆ ಜಿಲ್ಲೆಯಿಂದ ಬಂದಿದ್ದ ಒಬ್ಬ ಮೇಡಂ ಅಧಿಕಾರಿ. ಆ ಕಡೆ ಸಾಹೇಬರು, ಈ ಕಡೆ ಇಂಜಿನಿಯರ್ ಕಚೇರಿಯ ವಯಸ್ಸಾದ ಗುಮಾಸ್ತರು, ತಮ್ಮ ಕಚೇರಿಗೆ ಬಂದ ಪತ್ರಗಳ ಪುಸ್ತಕ ಹಿಡಿದುಕೊಂಡು. ನನ್ನ ಹೆಂಡತಿ ತನ್ನ ಎರಡು ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ ಎದೆಗವಚಿಕೊಂಡು ಬಂದಿದ್ದಳು.

ರೈಟಣ್ಣ ಕಂಡದ್ದನ್ನು ಕಂಡ ಹಾಗೆ ಹೇಳಿದ, ಹಾರ್ನ್ ಹಾಕಿದ್ದು, ಜಲ್ಲಿ ಇದ್ದದ್ದು, ಎಲ್ಲ. ಮೇಡಂ ಕೇಳಿಕೊಂಡು, "ಆ ತಿರುವು ಅಪಾಯದ್ದು ಅಂತ ಯಾರಿಗಾದ್ರೂ ಮೊದಲೇ ಗೊತ್ತಿತ್ತಾ? ಕಾಗದ ಏನಾದ್ರೂ ಇದೆಯಾ?" ಎಂದರು.

ನನ್ನ ಹೆಂಡತಿ ಎದ್ದು ನಿಂತಳು. ಎರಡು ಕಲ್ಲು, ಎರಡು ಠಾಣೆ, ನಾಲ್ಕು ಮತ್ತು ಮೂರು, ಎಲ್ಲವನ್ನೂ ಹೇಳಿದಳು. ತಾನೇ ತಪ್ಪಿ ಬರೆದದ್ದು ಎಂದೂ ಹೇಳಿದಳು. "ಅಪಘಾತಕ್ಕೆ ಇಪ್ಪತ್ತಮೂರು ದಿನ ಮೊದಲೇ ಪತ್ರ ಬರೆದಿದೀನಿ ಮೇಡಂ. ಮುನ್ನೂರ ಹದಿನೆಂಟು" ಎಂದು ಪುಸ್ತಕ ಬಿಚ್ಚಿ ತೋರಿಸಿದಳು.

ಗುಮಾಸ್ತರು ತಮ್ಮ ಪುಸ್ತಕವನ್ನು ಮೂರು ಸಲ ಮಗುಚಿದರು. "ಇಂಥ ಪತ್ರ ನಮಗೆ ಬಂದಿಲ್ಲ ಮೇಡಂ" ಎಂದರು.

ಸಾಹೇಬರು ಅವಳ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. "ಹೇಳೋಕೆ ಬೇಜಾರು. ಅದು ಪುಟದ ಕೊನೇ ಸಾಲು ಮೇಡಂ. ನನ್ನ ಸಹಿ ಇಲ್ಲ. ಪುಟದ ಅಡಿಗೆ ಒಂದು ಸಾಲು ಯಾವಾಗ ಬೇಕಾದ್ರೂ ಸೇರಿಸಬಹುದು. ಗಂಡನ ಕೇಸು, ಹೆಂಗಸಿನ ಜೀವ... ನಾನು ತಪ್ಪು ಅಂತ ಹೇಳ್ತಿಲ್ಲ."

ಇಪ್ಪತ್ತೆರಡು ವರ್ಷ ಒಂದು ಅಂಕಿಯನ್ನು ಸುಳ್ಳು ಬರೆಯದವಳು, ಗಂಡನಿಗಾಗಿ ಕೂಡ ಬರೆಯದವಳು, ಎಲ್ಲರೆದುರು ಸುಳ್ಳಿ ಎನ್ನಿಸಿಕೊಂಡು ನಿಂತಿದ್ದಳು. ಆದರೆ ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ನನ್ನ ಕಡೆ ತಿರುಗಿ, ಎಷ್ಟು ಧೈರ್ಯದಿಂದ, "ಇವ್ರೇ ಕೊಟ್ಟಿದ್ದು ಮೇಡಂ. ಇವ್ರನ್ನೇ ಕೇಳಿ" ಎಂದಳು.

ಒಂದು ದಾರಿ ಇತ್ತು, ಸುಳ್ಳು ಹೇಳಲು ಬೆಣ್ಣೆಯಷ್ಟು ಮೆತ್ತನೆಯ ದಾರಿ. ಕಿಟಕಿಯಲ್ಲಿ ಕೊಟ್ಟೆ ಎನ್ನುವುದು. ಆ ಗುಮಾಸ್ತರು ಕಳೆದರು ಎಂದಾಗುತ್ತದೆ. ಅವರು ನನ್ನನ್ನೇ ನೋಡುತ್ತಿದ್ದರು, ಎದುರಿನಿಂದ ಲಾರಿ ಬರುವುದು ಕಂಡು ನಡುರಸ್ತೆಯಲ್ಲಿ ನಿಂತುಬಿಟ್ಟವರ ಹಾಗೆ.

"ಕೊಟ್ಟಿಲ್ಲ ಮೇಡಂ" ಎಂದೆ.

"ಏನು?"

"ಪತ್ರ ನಿಜ. ನನ್ನ ಕೈಗೆ ಕೊಟ್ಟಿದ್ಲು. ನಾನು ಕೊಡ್ಲಿಲ್ಲ. ಬಸ್ಸಲ್ಲಿ ನನ್ನ ಸೀಟಿನ ಕೆಳಗೆ ಪೆಟ್ಟಿಗೇಲಿ ಇದೆ. ಅಪಘಾತ ಆದ ದಿನದಿಂದ ಬಸ್ಸಿಗೆ ಪೊಲೀಸ್ ಸೀಲ್ ಇದೆ. ಆಮೇಲೆ ಬರೆದು ಇಡೋಕೆ ಯಾರಿಂದ್ಲೂ ಆಗಲ್ಲ." ಕೀಲಿಯನ್ನು ಗೊಂಚಲಿನಿಂದ ಬಿಡಿಸಲು ಹೋದೆ, ಬರಲಿಲ್ಲ. ಗೊಂಚಲನ್ನೇ ಮೇಜಿನ ಮೇಲಿಟ್ಟೆ.

ನಾನು ಅವಳ ಕಡೆ ನೋಡಲಿಲ್ಲ. ನೋಡುವ ಯೋಗ್ಯತೆ ಇರಲಿಲ್ಲ.

ಎಲ್ಲರೂ ನಡೆದೇ ಹೋದೆವು, ಠಾಣೆ ಎರಡು ಬೀದಿ ಆಚೆ. ಬಿಸಿಲಿಗೆ ಬಸ್ಸಿನ ಗಾಜುಗಳ ಮೇಲೆ ಧೂಳು ಕೂತಿತ್ತು. ಸೀಲಿನ ಮೇಲಿನ ತಾರೀಖನ್ನು ಮೇಡಂ ಗಟ್ಟಿಯಾಗಿ ಓದಿ, ಎಲ್ಲರೆದುರು ಒಡೆಸಿದರು. ಪೆಟ್ಟಿಗೆ ತೆರೆದರು. ನನ್ನ ಊಟದ ಡಬ್ಬಿ, ಬೂಸ್ಟು ಹಿಡಿದದ್ದು. ಒಂದು ಬಲ್ಬು. ಒರೆಸುವ ಬಟ್ಟೆ. ಅದರಡಿಯಲ್ಲಿ ಲಕೋಟೆ.

ಮೇಡಂ ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ನಿಮ್ಮದೇನಾ ಎಂದು ಕೇಳಿದರು. ಅವಳು ತಿರುಗಿಸಿ ಅಂಟು ನೋಡಿದಳು. ಹಾಗೇ ಇತ್ತು. ನನ್ನ ಕಡೆ ನೋಡದೆ, "ಓದೂ ಇಲ್ಲ" ಎಂದಳು. ಅಷ್ಟೇ ಹೇಳಿದ್ದು.

ಅಂಗಳದಲ್ಲೇ ನಿಂತು ಮೇಡಂ ಓದಿದರು. ಸರ್ಕಾರಿ ಪತ್ರದ ಹಾಗಿರಲಿಲ್ಲ ಅದು. ಏಳು ಜನರ ಹೆಸರು, ತಾರೀಖು, ಕಲ್ಲು, ಪ್ರತಿ ಹೆಸರಿನ ಮುಂದೆ ಅವರ ಹತ್ತಿರ ಇದ್ದದ್ದು. ಹೊಸ ಕೊಡೆ. ಕೋಳಿ. ಕನ್ನಡಕದ ಚೀಟಿ. ಕೊನೆಯ ಸಾಲುಗಳನ್ನು ಓದುವಾಗ ಮೇಡಂ ದನಿ ತಗ್ಗಿತು. 'ಈ ತಿರುವಿನಲ್ಲಿ ದಿನಕ್ಕೆ ನಾಲ್ಕು ಸಲ ಬಸ್ ಓಡಿಸುವವರೊಬ್ಬರು ನನ್ನ ಮನೆಯಲ್ಲಿದ್ದಾರೆ. ಸಂಜೆ ಅವರ ಚಪ್ಪಲಿಯ ಸದ್ದು ಕೇಳುವವರೆಗೆ ನಾನು ಒಲೆ ಹಚ್ಚುವುದಿಲ್ಲ. ಎಂಟನೆಯ ಸಾಲಿನಲ್ಲಿ ಅವರ ಹೆಸರು ಬರೆಯುವ ಶಕ್ತಿ ನನಗಿಲ್ಲ. ದಯವಿಟ್ಟು ಬೇಗ ಬನ್ನಿ.'

ರೈಟಣ್ಣ ಗೋಡೆಯ ಕಡೆ ತಿರುಗಿ ನಿಂತ. ನಾನು ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ.

ಪತ್ರ ಕೈಗೆ ಸಿಕ್ಕ ಹದಿನೆಂಟನೆಯ ದಿನಕ್ಕೆ ಇಂಜಿನಿಯರ್ ಕಚೇರಿಯವರು ಬಂದರು. ಹದಿನೆಂಟು ದಿನ! ನಾನು ಇಟ್ಟುಕೊಂಡಿದ್ದಕ್ಕಿಂತ ಐದು ದಿನ ಕಡಿಮೆ. ಈ ಲೆಕ್ಕ ಒಂದನ್ನು ನಾನು ಸಾಯುವ ತನಕ ಮಾಡುತ್ತಲೇ ಇರುತ್ತೇನೆ. ಗುಡ್ಡದ ಮೂಲೆ ಕಡಿದರು, ಮೋರಿ ಅಗಲವಾಯಿತು, ಮರ ಉಳಿಯಿತು. ಪುಸ್ತಕದಲ್ಲಿ ಎಂಟೂ ಸಾಲುಗಳನ್ನು ಕೆಂಪು ಶಾಯಿಯಲ್ಲಿ ಒಂದೇ ಕಡೆ ಬರೆಸಿದರು. ಆ ವರ್ಷ ಜಿಲ್ಲೆಯಲ್ಲಿ ಸಾವುಗಳೂ ಹೆಚ್ಚಾಗಿ ಸಾಹೇಬರ ಗೆರೆ ಮೇಲಕ್ಕೇರಿತು. ಅವರು ನಕ್ಷೆಯನ್ನು ತೆಗೆದಿಟ್ಟರು. ಇವಳನ್ನು ಎಲ್ಲಿಗೂ ವರ್ಗ ಮಾಡಲಿಲ್ಲ. ನಾನು ಹೆದರಿದ್ದು ಯಾವುದೂ ಆಗಲಿಲ್ಲ, ನಾನು ಹೆದರದೇ ಇದ್ದದ್ದೊಂದು ಆಯಿತು.

ನನಗೆ ಲೈಸೆನ್ಸ್ ವಾಪಸ್ ಕೊಟ್ಟರು. ನಾನೇ ಬೇಡವೆಂದೆ. ಈಗ ಮೇಲಿನ ಪೇಟೆಯ ಡಿಪೋದ ಗೇಟಿನಲ್ಲಿ ಕೂತು ಬಸ್ಸುಗಳು ಬರುವ ಹೋಗುವ ಹೊತ್ತು ಬರೆದುಕೊಳ್ಳುತ್ತೇನೆ. ನನ್ನ ಹೆಂಡತಿ ಮೊದಲಿನ ಹಾಗೇ ಇದ್ದಾಳೆ. ಬಡಿಸುತ್ತಾಳೆ, ಮಾತಾಡುತ್ತಾಳೆ, ಮಗಳ ಜೊತೆ ಸೇರಿ ನನ್ನ ಹೊಟ್ಟೆಯನ್ನು ಗೇಲಿ ಮಾಡುತ್ತಾಳೆ. ಕ್ಷಮಿಸಿದೆ ಎಂದು ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ನಾನೂ ಕೇಳಿಲ್ಲ, ಕೇಳಲು ಧೈರ್ಯವಿಲ್ಲ.

ಹೋದ ವಾರ ಮಗಳ ಕಾಲೇಜಿನ ಅರ್ಜಿ ಕಳಿಸಬೇಕಿತ್ತು. ನನ್ನ ಹೆಂಡತಿ ಲಕೋಟೆಗೆ ಅಂಟು ಬಳಿದು ಮೇಜಿನ ಮೇಲಿಟ್ಟಿದ್ದಳು. ಅಂಚೆ ಕಚೇರಿ ಇರುವುದು ನಮ್ಮ ಡಿಪೋದ ಗೇಟಿನ ಪಕ್ಕದಲ್ಲೇ. ನಾನು ಅಂಗಿ ಹಾಕಿಕೊಂಡು ಹೊರಟಿದ್ದೆ.

"ಕೊಡು, ಅಲ್ಲಿಗೇ ಹೋಗ್ತಿದೀನಿ, ಹಾಕ್ತೀನಿ" ಎಂದೆ.

"ಬೇಡ ಬಿಡಿ" ಎಂದಳು. ಕೋಪವಿಲ್ಲ, ಏನೂ ಇಲ್ಲ. ಲಕೋಟೆ ಎತ್ತಿಕೊಂಡು ಚಪ್ಪಲಿ ಮೆಟ್ಟಿಕೊಂಡಳು. "ನಾನೇ ಹೋಗಿ ಹಾಕಿ ಬರ್ತೀನಿ."

ಅಂಚೆ ಕಚೇರಿಯ ತನಕ ಇಬ್ಬರೂ ಜೊತೆಯಲ್ಲೇ ನಡೆದೆವು.